ಇಳಿಯದೆ ಮೇಲೇಳುವ ತೀರ್ಮಾನ



2024ರ ಜೂನ್ 23ರ ಭಾನುವಾರ ಬೆಳಗ್ಗೆ 7 ಗಂಟೆ 10 ನಿಮಿಷದ ಹೊತ್ತಿಗೆ ಇದೇ ಚಳ್ಳಕೆರೆ ತಾಲ್ಲೂಕಿನ ವರವು ಕಾವಲಿನ ಆಕಾಶದಲ್ಲಿ ನಡೆದದ್ದನ್ನು ನಿಮ್ಮಲ್ಲಿ ಎಷ್ಟೋ ಜನ ಪತ್ರಿಕೆಯಲ್ಲಿ ಓದಿದ್ದೀರಿ. ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ರೆಕ್ಕೆಯಿರುವ ಒಂದು ವಾಹನವನ್ನು ತನ್ನ ಕೆಳಗೆ ತೂಗುಹಾಕಿಕೊಂಡು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದಿತು. ರನ್‌ವೇ ಇನ್ನೂ ನಾಲ್ಕೂವರೆ ಕಿಲೋಮೀಟರ್ ದೂರದಲ್ಲಿರುವಾಗ ಅದನ್ನು ಕೈಬಿಟ್ಟಿತು. ಬಿಟ್ಟದ್ದು ರನ್‌ವೇಯ ನೇರಕ್ಕಲ್ಲ, 500 ಮೀಟರ್ ಪಕ್ಕಕ್ಕೆ. ಜೂನ್ ತಿಂಗಳ ನಮ್ಮ ಬಯಲಿನ ಗಾಳಿ ಎಂಥದ್ದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಇಸ್ರೋದ 'ಪುಷ್ಪಕ್' ಆ ಗಾಳಿಯಲ್ಲೇ ತಾನಾಗಿ ಹೊರಳಿ, ರನ್‌ವೇಯ ನಡುಗೆರೆಗೆ ಬಂದು, ಗಂಟೆಗೆ 320 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ನೆಲ ಮುಟ್ಟಿತು. ದೊಡ್ಡ ಪ್ರಯಾಣಿಕ ವಿಮಾನ ನೆಲ ಮುಟ್ಟುವುದು 260ರ ಆಸುಪಾಸಿನಲ್ಲಿ. ಹಿಂಬದಿಯ ಪ್ಯಾರಾಚೂಟ್ ಬಿಚ್ಚಿಕೊಂಡು ವೇಗವನ್ನು ನೂರರ ಹತ್ತಿರಕ್ಕೆ ಇಳಿಸಿದ ಮೇಲೆ ಚಕ್ರದ ಬ್ರೇಕುಗಳು ಹಿಡಿದವು. ಒಳಗೆ ಪೈಲಟ್ ಇರಲಿಲ್ಲ.

ಇದಕ್ಕೆ ಮೊದಲು 2023ರ ಏಪ್ರಿಲ್ 2ರಂದು, 2024ರ ಮಾರ್ಚ್ 22ರಂದು ಇದೇ ಜಾಗದಲ್ಲಿ ಇಂಥದ್ದೇ ಪ್ರಯೋಗ ನಡೆದಿತ್ತು. ಈ ಮೂರು ಇಳಿತಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ವೇಗವಲ್ಲ. ಆ ವಾಹನಕ್ಕೆ ಎಂಜಿನ್ ಇಲ್ಲ ಎಂಬುದು. ಎಂಜಿನ್ ಇಲ್ಲದ ಮೇಲೆ ಎರಡನೇ ಅವಕಾಶವೂ ಇಲ್ಲ. ಎತ್ತರ ಹೆಚ್ಚಾಯಿತು, ಗಾಳಿ ತಳ್ಳಿತು, ಇನ್ನೊಂದು ಸುತ್ತು ಹಾಕಿ ಬರುತ್ತೇನೆ ಎನ್ನುವ ದಾರಿಯೇ ಅದಕ್ಕಿಲ್ಲ. ಹಾಗಾಗಿ ನಮ್ಮ ಎಂಜಿನಿಯರುಗಳು ತೀರ್ಮಾನವನ್ನೆಲ್ಲ ಮುಂಚಿತವಾಗಿಯೇ ಮುಗಿಸಿಕೊಂಡರು. ಮೊದಲ ಪ್ರಯೋಗದಲ್ಲಿ ವಾಹನವನ್ನು ಕೈಬಿಡಲು ಹತ್ತು ಷರತ್ತುಗಳನ್ನು ಗೊತ್ತುಮಾಡಿದ್ದರು: ಎಲ್ಲಿದೆ, ಎಷ್ಟು ಎತ್ತರದಲ್ಲಿದೆ, ಎಷ್ಟು ವೇಗದಲ್ಲಿದೆ, ಎಷ್ಟು ಹೊಯ್ದಾಡುತ್ತಿದೆ, ಹೀಗೆ. ಹತ್ತೂ ಕೂಡಿಬಂದಾಗಲೇ ವಾಹನದ ಕಂಪ್ಯೂಟರು 'ಬಿಡು' ಎಂಬ ಆಜ್ಞೆ ಕೊಟ್ಟಿತು. ಒಂದು ಕೂಡದಿದ್ದರೂ ಬಿಡುವ ಹಾಗಿಲ್ಲ. ಒಂಬತ್ತು ಸರಿಯಿದೆ, ಹತ್ತನೆಯದನ್ನು ಹೋಗುತ್ತಾ ಸರಿಮಾಡಿಕೊಳ್ಳೋಣ ಎಂಬ ಮಾತಿಗೆ ಅಲ್ಲಿ ಎಡೆಯಿರಲಿಲ್ಲ.

ಈ ನೆಲದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ವರವು ಕಾವಲು, ಕುದಾಪುರ, ಉಳ್ಳಾರ್ತಿ, ಇವೆಲ್ಲ ಅಮೃತಮಹಲ್ ಕಾವಲಿನ ಹುಲ್ಲುಗಾವಲುಗಳು. ಕುರಿ, ದನ, ಕಂಬಳಿ ನೇಯ್ಗೆಯನ್ನು ನಂಬಿದ ಮನೆಗಳ ಬದುಕು ಅವುಗಳ ಮೇಲೆ ನಿಂತಿತ್ತು. ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒಗೆ 4,290 ಎಕರೆ ಹೋದಾಗ, ಇತರ ಸಂಸ್ಥೆಗಳಿಗೂ ಸಾವಿರಾರು ಎಕರೆ ಹೋದಾಗ ಹಳ್ಳಿಯವರು ದನಿ ಎತ್ತಿದರು. ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. 2017ರ ಮೇ 28ರಂದು ಉದ್ಘಾಟನೆಯಾದ ವೈಮಾನಿಕ ಪರೀಕ್ಷಾ ವಲಯ ಆ ಮೇವಿನ ನೆಲದ ಮೇಲೆ ನಿಂತಿದೆ. ಇಷ್ಟು ಬೆಲೆ ತೆತ್ತ ಜನರಿಗೆ ಅಲ್ಲಿ ಕಲಿತ ಪಾಠವನ್ನು ಕೇಳುವ ಹಕ್ಕು ಎಲ್ಲರಿಗಿಂತ ಮೊದಲು ಇದೆ ಎಂದು ನಾನು ನಂಬಿದ್ದೇನೆ. ಈ ವಿಷಯವನ್ನು ಇಲ್ಲಿಗೆ ಆರಿಸಿಕೊಂಡದ್ದಕ್ಕೆ ಅದೇ ಕಾರಣ.

ಈಗ ಸಣ್ಣ ಖಾಸಗಿ ವಿಮಾನಕ್ಕೆ ಬರೋಣ. ಸೆಸ್ನಾ 172 ಅಂದುಕೊಳ್ಳಿ, ನಾಲ್ಕು ಆಸನ, ಮುಂದೆ ಒಂದು ಎಂಜಿನ್. ಪೈಲಟಿನ ಬಲಗೈ ಎಂಜಿನ್ನಿನ ಬಲವನ್ನು ಹೆಚ್ಚುಕಡಿಮೆ ಮಾಡುವ ಥ್ರಾಟಲಿನ ಮೇಲೆಯೇ ಇರುತ್ತದೆ. ಇಳಿಯುವ ದಾರಿ ಕೆಟ್ಟಿತು ಅನ್ನಿಸಿದ ಕ್ಷಣ ಅದನ್ನು ಪೂರ್ತಿ ಒತ್ತಿ, ಮೂತಿಯನ್ನು ಹದವಾಗಿ ಎತ್ತಿ, ಮೂತಿ ಪಕ್ಕಕ್ಕೆ ಹೊರಳದಂತೆ ಬಲಗಾಲಿನಿಂದ ರಡ್ಡರ್ ಒತ್ತಿ, ರೆಕ್ಕೆಯ ಹಿಂಬದಿಯ ಫ್ಲಾಪನ್ನು ಹಂತಹಂತವಾಗಿ ಒಳಗೆ ತೆಗೆದುಕೊಂಡರೆ ವಿಮಾನ ಮತ್ತೆ ಮೇಲೇರುತ್ತದೆ. ಪೈಲಟರು ಇದನ್ನು ಗೋ ಅರೌಂಡ್ ಎನ್ನುತ್ತಾರೆ. ಹೆಚ್ಚೆಂದರೆ ಐದಾರು ನಿಮಿಷ, ಮೂರ್ನಾಲ್ಕು ಲೀಟರ್ ಇಂಧನ. ಪುಷ್ಪಕ್‌ಗೆ ಇಲ್ಲದ ಈ ಎರಡನೇ ಅವಕಾಶ ಸಣ್ಣ ವಿಮಾನದ ಪೈಲಟಿಗೆ ಪ್ರತಿ ಇಳಿತದಲ್ಲೂ ಇದೆ. ಆದರೂ ಸಣ್ಣ ವಿಮಾನಗಳ ಇಳಿತದ ಅಪಘಾತಗಳನ್ನು ಒಂದೊಂದಾಗಿ ಓದುತ್ತಾ ಹೋದರೆ, ಅಲ್ಲಿನ ಪೈಲಟ್ ತನಗೆ ಎಂಜಿನ್ನೇ ಇಲ್ಲವೇನೋ ಎಂಬಂತೆ ನಡೆದುಕೊಂಡಿರುವುದು ಕಾಣುತ್ತದೆ. ನಾನು ಇಂದು ಹೇಳಬೇಕೆಂದಿರುವುದು ಇದೊಂದೇ.

ಕನ್ನಡಿಗರಿಗೆ ಸಣ್ಣ ವಿಮಾನ ಎಂದ ಕೂಡಲೇ 2004ರ ಏಪ್ರಿಲ್ 17 ನೆನಪಾಗುತ್ತದೆ. ಬೆಂಗಳೂರಿನ ಜಕ್ಕೂರಿನಿಂದ ಹೊರಟ ಸೆಸ್ನಾ 180ರಲ್ಲಿ ನಟಿ ಸೌಂದರ್ಯ ಮತ್ತು ಅವರ ಅಣ್ಣ ಅಮರನಾಥ್ ತೀರಿಕೊಂಡರು. ಅದು ಮೇಲೇರುವಾಗಿನ ಅಪಘಾತ. ಇಳಿಯುವಾಗಿನ ಅಪಘಾತಗಳು ಸಾಮಾನ್ಯವಾಗಿ ಅಷ್ಟು ಭೀಕರವಲ್ಲ. ಮುಂದಿನ ಚಕ್ರ ಮುರಿಯುತ್ತದೆ, ಪ್ರೊಪೆಲ್ಲರ್ ನೆಲಕ್ಕೆ ತಾಗಿ ಬಾಗುತ್ತದೆ, ವಿಮಾನ ರನ್‌ವೇ ಬಿಟ್ಟು ಪಕ್ಕದ ಹುಲ್ಲಿಗೆ ಹೋಗುತ್ತದೆ, ಒಳಗಿದ್ದವರು ನಡೆದುಕೊಂಡೇ ಹೊರಬರುತ್ತಾರೆ. ಹಾಗಾಗಿಯೇ ಅವು ಸುದ್ದಿಯಾಗುವುದಿಲ್ಲ, ಚರ್ಚೆಯಾಗುವುದಿಲ್ಲ. ಜಗತ್ತಿನ ಸಣ್ಣ ವಿಮಾನಗಳ ಅಪಘಾತಗಳಲ್ಲಿ ಅತಿ ಹೆಚ್ಚು ನಡೆಯುವುದು ಇಳಿಯುವಾಗಲೇ. ಜೀವ ಉಳಿಯುತ್ತದೆ ಎಂಬ ಕಾರಣಕ್ಕೆ ಅವುಗಳನ್ನು ಚಿಕ್ಕದೆಂದು ತಳ್ಳಿಹಾಕುವುದು ಸರಿಯಲ್ಲ. ಚಕ್ರ ಮುರಿಸಿದ ತೀರ್ಮಾನ ಯಾವುದೋ, ಬೇರೊಂದು ದಿನ ಬೇರೊಂದು ಜಾಗದಲ್ಲಿ ಪ್ರಾಣ ತೆಗೆಯುವುದೂ ಅದೇ ತೀರ್ಮಾನ.

ಅದಕ್ಕೆ ಸಾಕ್ಷಿ ನಮ್ಮ ರಾಜ್ಯದಲ್ಲೇ ಇದೆ. 2010ರ ಮೇ 22, ಬೆಳಗಿನ ಆರರ ಸುಮಾರು, ಮಂಗಳೂರು. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737ರಲ್ಲಿ 166 ಜನರಿದ್ದರು. 158 ಜನ ತೀರಿಕೊಂಡರು. ಅದು ಸಣ್ಣ ವಿಮಾನವಲ್ಲ, ನಿಜ. ಆದರೆ ಇಳಿಯುವ ತೀರ್ಮಾನದ ಬಗ್ಗೆ ಕರ್ನಾಟಕದಲ್ಲಿ ಇಷ್ಟು ವಿವರವಾಗಿ ದಾಖಲಾದ ಇನ್ನೊಂದು ಪ್ರಸಂಗ ನನಗೆ ಕಂಡಿಲ್ಲ. ನಿವೃತ್ತ ಏರ್ ಮಾರ್ಷಲ್ ಬಿ. ಎನ್. ಗೋಖಲೆ ಅವರ ನೇತೃತ್ವದ ವಿಚಾರಣಾ ನ್ಯಾಯಾಲಯದ ವರದಿಯನ್ನು ಓದುವುದು ಸುಲಭವಲ್ಲ. ಕಾಕ್‌ಪಿಟ್ಟಿನ ಧ್ವನಿಮುದ್ರಣ ಉಳಿದದ್ದು ಎರಡು ಗಂಟೆ ಐದು ನಿಮಿಷದ್ದು. ಅದರಲ್ಲಿ ಮೊದಲ ಒಂದು ಗಂಟೆ ನಲವತ್ತು ನಿಮಿಷ ಕ್ಯಾಪ್ಟನ್ ನಿದ್ದೆಯಲ್ಲಿದ್ದರು. ಎದ್ದ ಮೇಲೂ ನಿದ್ದೆಯ ಮಂಪರು ಪೂರ್ತಿ ಬಿಟ್ಟಿರಲಿಲ್ಲ. ವಿಮಾನ ಇರಬೇಕಾದ ಎತ್ತರಕ್ಕಿಂತ ಬಹಳ ಮೇಲಿತ್ತು. ಎತ್ತರ ಕಳೆಯಲು ಮೂತಿ ಇಳಿಸಿದರೆ ವೇಗ ಏರುತ್ತದೆ, ವೇಗ ಏರಿದರೆ ನೆಲ ಮುಟ್ಟುವುದು ತಡವಾಗುತ್ತದೆ. ಪಕ್ಕದಲ್ಲಿದ್ದ ಸಹ ಪೈಲಟ್ ಮೂರು ಸಲ 'ಗೋ ಅರೌಂಡ್' ಎಂದರು. ನೆಲ ಹತ್ತಿರವಾಗುತ್ತಿದೆ ಎಂದು ಎಚ್ಚರಿಸುವ ಯಂತ್ರವೂ ಕೂಗುತ್ತಲೇ ಇತ್ತು. 8,033 ಅಡಿಯ ರನ್‌ವೇಯಲ್ಲಿ ಚಕ್ರ ತಾಗಿದ್ದು ಸುಮಾರು 5,200 ಅಡಿ ಕಳೆದ ಮೇಲೆ.

ಆಗಲೂ ಎಲ್ಲ ಮುಗಿದಿರಲಿಲ್ಲ. ಬ್ರೇಕನ್ನು ಪೂರ್ತಿ ಬಲದಿಂದ ಹಿಡಿದಿದ್ದರೆ ವಿಮಾನ ನಿಲ್ಲಬಹುದಿತ್ತು ಎಂಬ ಲೆಕ್ಕ ವರದಿಯಲ್ಲಿದೆ. ಆದರೆ ಎಂಜಿನ್ನಿನ ಹಿಮ್ಮುಖ ನೂಕನ್ನು ಹಾಕಿದ ಮೇಲೆ ಕ್ಯಾಪ್ಟನ್ ಮತ್ತೆ ಮೇಲೇರಲು ಹೊರಟರು. ಯಾವ ತೀರ್ಮಾನವನ್ನು ಸಹ ಪೈಲಟ್ ಆಕಾಶದಲ್ಲಿರುವಾಗಲೇ ಕೇಳಿಕೊಂಡಿದ್ದರೋ ಅದೇ ತೀರ್ಮಾನ, ಅದು ಪ್ರಾಣ ಉಳಿಸುವ ಹೊತ್ತು ದಾಟಿದ ಮೇಲೆ ಬಂತು. ಕೆಂಜಾರಿನ ಆ ಇಳಿಜಾರಿಗೆ ವಿಮಾನ ಉರುಳಿತು. ಸಹ ಪೈಲಟ್ ತಾನೇ ಯಾಕೆ ನಿಯಂತ್ರಣ ತೆಗೆದುಕೊಳ್ಳಲಿಲ್ಲ ಎಂಬ ಪ್ರಶ್ನೆಗೂ ವರದಿ ಉತ್ತರ ಹುಡುಕಿದೆ: ಸಹ ಪೈಲಟಿಗೆ ಆ ಅಧಿಕಾರ ಉಂಟೋ ಇಲ್ಲವೋ ಎಂಬ ವಿಷಯದಲ್ಲಿ ನಿಯಮಗಳೇ ಅಸ್ಪಷ್ಟವಾಗಿದ್ದವು. ಈ ಸಾಲು ಓದಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಸರಿಯಾದದ್ದು ಏನೆಂದು ಆ ಕಾಕ್‌ಪಿಟ್ಟಿನೊಳಗೆ ಒಬ್ಬರಿಗೆ ಗೊತ್ತಿತ್ತು. ಅವರು ಅದನ್ನು ಬಾಯಿಬಿಟ್ಟು ಹೇಳಿದರು, ಮೂರು ಸಲ.

ಕಾಕ್‌ಪಿಟ್ಟಿನಲ್ಲಿ ಇಬ್ಬರಿದ್ದೇ ಹೀಗಾದರೆ, ಸಣ್ಣ ವಿಮಾನದಲ್ಲಿ ಪೈಲಟ್ ಒಬ್ಬನೇ. ಹೇಳುವವನೂ ಅವನೇ, ಕೇಳದೆ ಹೋಗುವವನೂ ಅವನೇ. ಫ್ಲೈಟ್ ಸೇಫ್ಟಿ ಫೌಂಡೇಶನ್ ದೊಡ್ಡ ವಿಮಾನಗಳ ಬಗ್ಗೆ ಮಾಡಿದ ಅಧ್ಯಯನದಲ್ಲಿ, ಸರಿಯಾಗಿ ಕೂಡಿಬಾರದ ಇಳಿತಗಳಲ್ಲಿ ನೂರಕ್ಕೆ 97ರಷ್ಟನ್ನು ಪೈಲಟರು ಹಾಗೆಯೇ ಮುಂದುವರಿಸಿ ಇಳಿದೇಬಿಡುತ್ತಾರೆ ಎಂದು ಕಂಡುಬಂತು. ಅವುಗಳಲ್ಲಿ ಬಹುಪಾಲು ಸುರಕ್ಷಿತವಾಗಿಯೇ ಮುಗಿಯುತ್ತವೆ. ಅಪಾಯ ಇರುವುದೂ ಅಲ್ಲೇ. ಕೆಟ್ಟ ತೀರ್ಮಾನಕ್ಕೆ ಒಳ್ಳೆಯ ಫಲ ಸಿಕ್ಕಾಗ ಮನಸ್ಸು ಅದನ್ನು ಅನುಭವ ಎಂದು ಜಮಾ ಮಾಡಿಕೊಳ್ಳುತ್ತದೆ. ಮನಃಶಾಸ್ತ್ರಜ್ಞೆ ಜುಡಿತ್ ಒರಾಸಾನು ನಾಸಾದಲ್ಲಿದ್ದು ಪೈಲಟರ ತಪ್ಪುಗಳನ್ನು ದೀರ್ಘಕಾಲ ಪರಿಶೀಲಿಸಿದರು. ಸನ್ನಿವೇಶ ಬದಲಾಗಿದ್ದರೂ ಹಾಕಿಕೊಂಡ ಯೋಜನೆಯನ್ನೇ ಹಿಡಿದು ಹೋಗುವುದು ಮತ್ತೆಮತ್ತೆ ಕಾಣುವ ತಪ್ಪು ಎಂದು ಅವರು ಗುರುತಿಸಿದರು. ಗುರಿ ಹತ್ತಿರವಾದಷ್ಟೂ ಈ ಹಟ ಹೆಚ್ಚು. ಮೊಳಕಾಲ್ಮೂರಿನ ಮಗ್ಗದ ಮುಂದೆ ಕೂತ ನೇಕಾರನಿಗೆ ಬುಟ್ಟಾದಲ್ಲಿ ಒಂದೆಳೆ ತಪ್ಪಿದ್ದು ಕಂಡರೆ, ಸೀರೆ ಮುಗಿಯುತ್ತಾ ಬಂದಿದೆ ಎಂದು ಮುಂದೆ ನೇಯುವುದಿಲ್ಲ. ಹೊಕ್ಕನ್ನು ಬಿಚ್ಚಿ, ತಪ್ಪಿದಲ್ಲಿಗೆ ಹಿಂದಿರುಗಿ, ಮತ್ತೆ ನೇಯುತ್ತಾನೆ. ಆ ಬಿಚ್ಚುವಿಕೆಯನ್ನು ಅವನೂ ಸೋಲೆಂದು ಎಣಿಸುವುದಿಲ್ಲ, ಮನೆಯವರೂ ಎಣಿಸುವುದಿಲ್ಲ. ಪೈಲಟಿಗೆ ನಾವು ಆ ಗೌರವವನ್ನು ಇನ್ನೂ ಕೊಟ್ಟಿಲ್ಲ.

ಸಣ್ಣ ವಿಮಾನದ ಇಳಿತದಲ್ಲಿ ಪ್ರಾಣಕ್ಕೆ ಎರವಾಗುವ ಒಂದು ಜಾಗವಿದೆ. ವಿದ್ಯಾರ್ಥಿಗಳು ಇದನ್ನು ಗಮನವಿಟ್ಟು ಕೇಳಬೇಕು. ರನ್‌ವೇಗೆ ಸಮಾನಾಂತರವಾಗಿ ಬಂದ ವಿಮಾನ ಒಂದು ತಿರುವು ತೆಗೆದುಕೊಂಡು, ಕೊನೆಗೆ ಇನ್ನೊಂದು ತಿರುವಿನಲ್ಲಿ ರನ್‌ವೇಯ ನೇರಕ್ಕೆ ಬರಬೇಕು. ಈ ಕೊನೆಯ ತಿರುವಿಗೆ ಮೊದಲು ಗಾಳಿ ಹಿಂದಿನಿಂದ ತಳ್ಳುತ್ತಿದ್ದರೆ ವಿಮಾನ ಆ ನೇರದ ಗೆರೆ ದಾಟಿ ಆಚೆ ಹೋಗಿಬಿಡುತ್ತದೆ. ಆಗ ಪೈಲಟಿನ ಕೈ ತಾನಾಗಿ ತಿರುವನ್ನು ಬಿಗಿಗೊಳಿಸುತ್ತದೆ. ವಿಮಾನ ವಾಲಿದಷ್ಟೂ ರೆಕ್ಕೆ ಹೆಚ್ಚು ಭಾರ ಹೊರಬೇಕು, ಅದಕ್ಕೆ ಹೆಚ್ಚು ವೇಗ ಬೇಕು. ನೆಟ್ಟಗೆ ಹಾರುವಾಗ 50 ನಾಟ್‌ಗೆ ಸ್ಟಾಲ್ ಆಗುವ, ಎಂದರೆ ರೆಕ್ಕೆಯ ಮೇಲಿನ ಗಾಳಿಯ ಹರಿವು ಕಳಚಿಹೋಗುವ ವಿಮಾನ, 45 ಡಿಗ್ರಿ ವಾಲಿ ಎತ್ತರ ಕಾಯ್ದುಕೊಂಡು ತಿರುಗುವಾಗ 59 ನಾಟ್‌ನಲ್ಲೇ ಸ್ಟಾಲ್ ಆಗುತ್ತದೆ. 60 ಡಿಗ್ರಿ ವಾಲಿದರೆ ಸುಮಾರು 71 ನಾಟ್‌ನಲ್ಲಿ. ಪೈಲಟ್ ಬರುತ್ತಿರುವ ವೇಗವೇ 65, 70. ಇಷ್ಟರ ಮೇಲೆ ಮೂತಿಯನ್ನು ರನ್‌ವೇ ಕಡೆಗೆ ಎಳೆಯಲು ರಡ್ಡರ್ ಒತ್ತಿದರೆ ಒಂದು ರೆಕ್ಕೆ ಮೊದಲು ಬೀಳುತ್ತದೆ, ವಿಮಾನ ಗಿರಕಿ ಹೊಡೆಯುತ್ತದೆ. ಮೂರು ಸಾವಿರ ಅಡಿಯಲ್ಲಿ ಇದರಿಂದ ಬಿಡಿಸಿಕೊಳ್ಳುವುದು ತರಬೇತಿಯ ಪಾಠ. ಐನೂರು ಅಡಿಯಲ್ಲಿ ಜಾಗವೇ ಇಲ್ಲ. ಗೆರೆ ದಾಟಿತೇ, ದಾಟಲಿ. ರೆಕ್ಕೆಯನ್ನು ಸಮಮಾಡಿ, ಥ್ರಾಟಲ್ ಒತ್ತಿ, ಇನ್ನೊಂದು ಸುತ್ತು ಬನ್ನಿ.

ನೆಲ ಮುಟ್ಟುವಾಗಿನ ತಪ್ಪುಗಳು ಇಷ್ಟು ಕ್ರೂರವಲ್ಲ. ಬರುವ ವೇಗ ನೂರಕ್ಕೆ ಹತ್ತು ಹೆಚ್ಚಾದರೆ ನಿಲ್ಲಲು ಬೇಕಾದ ದೂರ ಸುಮಾರು ನೂರಕ್ಕೆ ಇಪ್ಪತ್ತು ಹೆಚ್ಚುತ್ತದೆ. ಹೆಚ್ಚು ವೇಗದ ವಿಮಾನ ರನ್‌ವೇಯ ಮೇಲೆ ತೇಲುತ್ತಾ ಹೋಗುತ್ತದೆ. ಬಲವಂತವಾಗಿ ಅದುಮಿದರೆ ಪುಟಿಯುತ್ತದೆ. ಪುಟಿದದ್ದನ್ನು ಸರಿಪಡಿಸಲು ಮತ್ತೆ ಅದುಮುವುದು, ಅದು ಇನ್ನೂ ಎತ್ತರಕ್ಕೆ ಪುಟಿಯುವುದು, ಕೊನೆಗೆ ಮುಂದಿನ ಚಕ್ರ ಮುರಿಯುವುದು. ಮೊದಲ ಪುಟಿತದಲ್ಲೇ ಮೇಲೆದ್ದಿದ್ದರೆ ಏನೂ ಆಗುತ್ತಿರಲಿಲ್ಲ.

ಇದಕ್ಕೆ ನಮ್ಮ ಬಿಸಿಲನ್ನು ಸೇರಿಸಿ ನೋಡಿ. ಚಳ್ಳಕೆರೆಯ ಬಯಲು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ ಉಷ್ಣತೆ 38 ಡಿಗ್ರಿ ಮುಟ್ಟಿದಾಗ ಇಲ್ಲಿನ ಗಾಳಿ 1,500 ಮೀಟರ್ ಎತ್ತರದ ಗಾಳಿಯಷ್ಟು ತೆಳುವಾಗುತ್ತದೆ. ಮೀಟರಿನಲ್ಲಿ ಅದೇ 65 ನಾಟ್ ಕಂಡರೂ ವಿಮಾನದ ನಿಜವಾದ ವೇಗ ನೂರಕ್ಕೆ ಎಂಟರಷ್ಟು ಹೆಚ್ಚಿರುತ್ತದೆ, ಬ್ರೇಕು ಅರಗಿಸಿಕೊಳ್ಳಬೇಕಾದ ಶಕ್ತಿ ಸುಮಾರು ಆರನೇ ಒಂದು ಪಾಲು ಹೆಚ್ಚುತ್ತದೆ. ಅದೇ ತೆಳುಗಾಳಿಯಲ್ಲಿ ಎಂಜಿನ್ನಿನ ಬಲ ಕುಗ್ಗುತ್ತದೆ, ಮತ್ತೆ ಮೇಲೇರುವುದೂ ನಿಧಾನವಾಗುತ್ತದೆ. ಜಕ್ಕೂರಿನ ಬೆಳಗಿನ ತಂಪಿನಲ್ಲಿ ಕಡೆಯ ಗಳಿಗೆಯ ಗೋ ಅರೌಂಡ್ ದಕ್ಕಬಹುದು. ಬಯಲುಸೀಮೆಯ ಮಧ್ಯಾಹ್ನ ಅದನ್ನು ಮೊದಲೇ ತೆಗೆದುಕೊಳ್ಳಬೇಕು. ಅಲ್ಲಿ ಕಲಿತು ಇಲ್ಲಿ ಹಾರುವವರು ಇದನ್ನು ಮೈಯಲ್ಲಿ ಇಳಿಸಿಕೊಳ್ಳಬೇಕಾದದ್ದು ಅಗತ್ಯ.

ಹಾರುತ್ತಿರುವಾಗಲೇ ಎಂಜಿನ್ ನಿಂತರೆ ಮಾತ್ರ ಲೆಕ್ಕ ಬೇರೆ. ಜಕ್ಕೂರಿನಿಂದ ಬಳ್ಳಾರಿ ಕಡೆಯ ತೋರಣಗಲ್ಲು ವಿಮಾನ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಅದು ಮೊಳಕಾಲ್ಮೂರಿನ ಪಕ್ಕದಲ್ಲೇ ಹಾಯುತ್ತದೆ. ಚಿತ್ರದುರ್ಗ ಜಿಲ್ಲೆಯಲ್ಲಿ ಸಾರ್ವಜನಿಕ ವಿಮಾನ ನಿಲ್ದಾಣವಿಲ್ಲ. ವರವು ಕಾವಲಿನ ರನ್‌ವೇ ರಕ್ಷಣಾ ಇಲಾಖೆಯದು. ಉತ್ತರಕ್ಕೆ ತೋರಣಗಲ್ಲು, ಪಶ್ಚಿಮಕ್ಕೆ 2023ರಲ್ಲಿ ತೆರೆದ ಶಿವಮೊಗ್ಗ, ಪೂರ್ವಕ್ಕೆ ಪುಟ್ಟಪರ್ತಿ. ನಡುವೆ ಎಂಜಿನ್ ನಿಂತರೆ ಇಳಿಯಬೇಕಾದದ್ದು ನಿಮ್ಮ ಹೊಲಗಳಲ್ಲೇ. ಬ್ರಹ್ಮಗಿರಿ, ಜಟಿಂಗ ರಾಮೇಶ್ವರದ ಸುತ್ತಿನ ಕಲ್ಲುಗುಡ್ಡಗಳಲ್ಲಿ ಜಾಗ ಸಿಗುವುದು ಕಷ್ಟ. ಶೇಂಗಾ ಹೊಲ ಒಳ್ಳೆಯದು. ಉಳುಮೆಯ ಸಾಲಿನ ಉದ್ದಕ್ಕೆ ಇಳಿಯಬೇಕು, ಅಡ್ಡಲಾಗಿ ಇಳಿದರೆ ಮುಂದಿನ ಚಕ್ರ ಹೂತು ವಿಮಾನ ಮಗುಚುತ್ತದೆ. ಬೋರ್‌ವೆಲ್ಲಿನ ಕರೆಂಟು ತಂತಿ ಮೇಲಿನಿಂದ ಕಾಣುವುದಿಲ್ಲ, ಕಂಬಗಳನ್ನು ಹುಡುಕಬೇಕು. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಹಾರಿದ ಎರಡು ಆಸನದ ತರಬೇತಿ ವಿಮಾನವೊಂದು ತಾಂತ್ರಿಕ ದೋಷದಿಂದ ಹೊನ್ನಿಹಾಳದ ಹೊಲದಲ್ಲಿ ಇಳಿಯಿತು. ಒಳಗಿದ್ದ ಇಬ್ಬರಿಗೂ ಆದದ್ದು ಸಣ್ಣ ಗಾಯ. ಇಲ್ಲಿ ಎರಡನೇ ಅವಕಾಶದ ಮಾತಿಲ್ಲ. ಆಗ ಪೈಲಟ್ ನಿಜಕ್ಕೂ ಪುಷ್ಪಕ್‌ನ ಸ್ಥಿತಿಯಲ್ಲಿರುತ್ತಾನೆ, ಹೊಲವನ್ನು ಬೇಗ ಆರಿಸಿ ಅದಕ್ಕೆ ಬದ್ಧನಾಗುವುದೇ ಸರಿ.

ಪುಷ್ಪಕ್ ಅನ್ನು ಮಾದರಿಯಾಗಿ ಹಿಡಿದರೂ, ಯಂತ್ರ ತಪ್ಪುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ರುಸ್ತುಂ-2 ಮಾನವರಹಿತ ವಿಮಾನ 2019ರ ಸೆಪ್ಟೆಂಬರ್ 17ರಂದು ಜೋಡಿಚಿಕ್ಕೇನಹಳ್ಳಿಯ ಹೊಲಕ್ಕೆ ಬಿದ್ದದ್ದನ್ನು ನೀವು ಕಣ್ಣಾರೆ ಕಂಡವರು. ತಪಸ್ ಎಂಬ ಹೆಸರೂ ಇರುವ ಅದೇ ಮಾದರಿಯ ಇನ್ನೊಂದು ವಿಮಾನ 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆಯಲ್ಲಿ ಬಿತ್ತು. ಯಂತ್ರಕ್ಕೆ ಇಲ್ಲದ್ದು ನಾಚಿಕೆ. ನೋಡುವವರು ಏನೆಂದುಕೊಳ್ಳುತ್ತಾರೋ ಎಂಬ ಅಂಜಿಕೆ ಅದಕ್ಕಿಲ್ಲ. ಕತ್ತಲಾಗುವುದರೊಳಗೆ ಮನೆ ಸೇರಬೇಕು, ಹಿಂದೆ ಕೂತವರಿಗೆ ಮುಹೂರ್ತಕ್ಕೆ ತಡವಾಗುತ್ತಿದೆ ಎಂಬ ಒತ್ತಡವೂ ಇಲ್ಲ.

ಈ ಒತ್ತಡವನ್ನು ಮೀರಿದ ಪೈಲಟರೂ ನಮ್ಮಲ್ಲಿದ್ದಾರೆ. 2023ರ ಮೇ 2ರಂದು, ವಿಧಾನಸಭಾ ಚುನಾವಣೆಯ ಪ್ರಚಾರದ ಬಿರುಸಿನಲ್ಲಿ, ಡಿ. ಕೆ. ಶಿವಕುಮಾರ್ ಅವರಿದ್ದ ಹೆಲಿಕಾಪ್ಟರಿಗೆ ಹೊಸಕೋಟೆಯ ಬಳಿ ಹಕ್ಕಿ ಬಡಿದು ಮುಂದಿನ ಗಾಜು ಒಡೆಯಿತು. ಮುಳಬಾಗಿಲಿನಲ್ಲಿ ಸಭೆ ಕಾಯುತ್ತಿತ್ತು. ಪೈಲಟ್ ಹೆಲಿಕಾಪ್ಟರನ್ನು ತಿರುಗಿಸಿ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಲ್ಲಿ ಇಳಿಸಿದರು. ಇಂಥ ತೀರ್ಮಾನವನ್ನು ಶಾಲಾ ಪುಸ್ತಕಗಳಲ್ಲಿ ಪಾಠ ಮಾಡಬೇಕು ಎಂಬುದು ನನ್ನ ಆಸೆ.

ಒಬ್ಬನೇ ಇರುವ ಪೈಲಟ್ ತನ್ನ ಮಾತನ್ನು ತಾನೇ ಮೀರದಿರಲು ಏನು ಮಾಡಬೇಕು? ವರವು ಕಾವಲಿನ ಹತ್ತು ಷರತ್ತುಗಳಲ್ಲಿ ಉತ್ತರವಿದೆ. ನೆಲದ ಮೇಲೆ ತಂಪಾಗಿ ಕೂತಾಗಲೇ ಅಂಕಿಗಳನ್ನು ಗೊತ್ತುಮಾಡಿ, ತೊಡೆಯ ಮೇಲಿನ ಕಾಗದದಲ್ಲಿ ಬರೆದುಕೊಳ್ಳಬೇಕು. 300 ಅಡಿಗೆ ಬರುವಷ್ಟರಲ್ಲಿ ವಿಮಾನ ನಡುಗೆರೆಯ ಮೇಲಿರಬೇಕು, ರೆಕ್ಕೆ ಸಮವಾಗಿರಬೇಕು, ವೇಗ ಗೊತ್ತುಮಾಡಿದ್ದರಿಂದ ಐದು ನಾಟ್‌ಗಿಂತ ಹೆಚ್ಚು ಆಚೀಚೆ ಆಗಿರಬಾರದು. ರನ್‌ವೇಯ ಮೊದಲ ಮೂರನೇ ಒಂದು ಭಾಗದೊಳಗೆ ಚಕ್ರ ತಾಗಬೇಕು. ಒಂದು ಕೂಡದಿದ್ದರೂ ಮೇಲೇಳಬೇಕು, ಕಾರಣವನ್ನು ಆಮೇಲೆ ಯೋಚಿಸಬಹುದು. ಇನ್ನೆರಡು ಸುತ್ತಿಗೂ, ಬೇರೊಂದು ನಿಲ್ದಾಣಕ್ಕೆ ಹೋಗುವುದಕ್ಕೂ ಸಾಲುವಷ್ಟು ಇಂಧನ ಟ್ಯಾಂಕಿನಲ್ಲಿ ಇರಲೇಬೇಕು. ಇಂಧನ ತೀರಿದ ಪೈಲಟ್ ತನ್ನ ಎರಡನೇ ಅವಕಾಶವನ್ನು ತಾನೇ ಕಳೆದುಕೊಂಡಿರುತ್ತಾನೆ. ಇದನ್ನೆಲ್ಲ ಅಭ್ಯಾಸವನ್ನೂ ಮಾಡಬೇಕು. ಅಪರೂಪಕ್ಕೆ ಮಾಡುವ ಗೋ ಅರೌಂಡ್ ಗಾಬರಿಯಲ್ಲಿ ಕೆಡುತ್ತದೆ. ಮೂತಿಯನ್ನು ಅತಿಯಾಗಿ ಎತ್ತಿ ಅಲ್ಲೇ ಸ್ಟಾಲ್ ಮಾಡಿಕೊಂಡವರೂ ಇದ್ದಾರೆ.

ನಮ್ಮಲ್ಲಿ ಖಾಸಗಿ ಪೈಲಟ್ ಪರವಾನಗಿಗೆ 40 ಗಂಟೆ, ವಾಣಿಜ್ಯ ಪರವಾನಗಿಗೆ 200 ಗಂಟೆ ಹಾರಬೇಕು. ಎಷ್ಟು ಸಲ ಇಳಿದೆ ಎಂಬುದನ್ನು ಲಾಗ್‌ಬುಕ್ಕಿನಲ್ಲಿ ಬರೆಯುತ್ತಾರೆ. ಎಷ್ಟು ಸಲ ಇಳಿಯದೆ ಮೇಲೆದ್ದೆ ಎಂಬುದಕ್ಕೂ ಅಲ್ಲಿ ಒಂದು ಕಾಲಂ ಇರಲಿ ಎಂದು ಹಾರಾಟದ ಶಾಲೆಗಳನ್ನು ಕೇಳಿಕೊಳ್ಳುತ್ತೇನೆ. ಬೋಧಕರು ಆ ಅಂಕಿಯನ್ನು ನೋಡಿ ಬೆನ್ನು ತಟ್ಟಲಿ. ಈ ಉಪನ್ಯಾಸದ ದತ್ತಿಯನ್ನು ಇಟ್ಟ ಕುಟುಂಬದ ಹಿರಿಯರಲ್ಲೂ ನನ್ನದೊಂದು ಬಿನ್ನಹವಿದೆ. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಿಂದ ಪೈಲಟ್ ತರಬೇತಿಗೆ ಹೋಗುವ ಮಕ್ಕಳಿಗೆ ನೀವು ನೆರವು ಕೊಡುವುದಾದರೆ, ಅವರಿಂದ ಒಂದು ಮಾತು ಪಡೆಯಿರಿ: ಒಬ್ಬರೇ ಹಾರುವ ಮೊದಲ ದಿನಕ್ಕೆ ಮುಂಚೆ, ಬೋಧಕರ ಜೊತೆ ಕೂತು, ಪುಟಿದ ಇಳಿತದಿಂದಲೂ ಗೆರೆ ದಾಟಿದ ತಿರುವಿನಿಂದಲೂ ಮೇಲೇಳುವುದನ್ನು ಕೈಗೆ ಒಗ್ಗಿಸಿಕೊಳ್ಳುತ್ತೇವೆ ಎಂದು. ಅವರ ತಂದೆ ತಾಯಂದಿರು ಮೊದಲ ಬಾರಿ ಆ ವಿಮಾನದಲ್ಲಿ ಕೂರುವಾಗ, ತಡವಾದರೆ ಆಗಲಿ ಮಗಾ, ಎಷ್ಟು ಸುತ್ತು ಬೇಕಾದರೂ ಹಾಕು ಎಂದು ಬಾಗಿಲು ಹಾಕುವ ಮುಂಚೆಯೇ ಹೇಳಿಬಿಡಲಿ.